ಸೇಡಿನ ಸಿನಿಮಾಗಳ ಆಕರ್ಷಣೆ

ಬಲಶಾಲಿಯೊಬ್ಬನು ಒಬ್ಬ ತಂದೆಯನ್ನೋ ಒಬ್ಬ ಗುರುವನ್ನೋ ಅನ್ಯಾಯವಾಗಿ ಕೊಲ್ಲುತ್ತಾನೆ. ಉಳಿದ ಮಗನು ತಪ್ಪಿಸಿಕೊಂಡು ಹೋಗಿ, ಎಲ್ಲಿಯೋ ಇರುವ ಮುದಿ ಆಚಾರ್ಯನನ್ನು ಆಶ್ರಯಿಸಿ, ಬೈಗುಳವನ್ನೂ ಪೆಟ್ಟನ್ನೂ ತಿಂದು ಮಲ್ಲವಿದ್ಯೆಯನ್ನು ಕಲಿಯುತ್ತಾನೆ. ಕಲಿತು ಬಂದು, ಕೊಂದವನನ್ನು ಕೊಲ್ಲುತ್ತಾನೆ. ಕಥೆ ಇಷ್ಟೆ. 1960ರ ದಶಕದ ಕಡೆಯಿಂದ ಸುಮಾರು ಹದಿನೈದು ವರ್ಷಗಳ ಕಾಲ ಹಾಂಗ್‌ಕಾಂಗಿನಲ್ಲಿಯೂ ತೈವಾನಿನಲ್ಲಿಯೂ ಈ ಒಂದು ಕಥೆಯನ್ನೇ ಹೆಸರು ಬದಲಾಯಿಸಿ, ಉಡುಪು ಬದಲಾಯಿಸಿ, ಕೆಲವು ಸಲ ಉಡುಪನ್ನೂ ಬದಲಾಯಿಸದೆ, ಅಲ್ಪ ಖರ್ಚಿನಲ್ಲಿ ನೂರಾರು ಚಿತ್ರಗಳಾಗಿ ತೆಗೆದರು. ಜನ ನೋಡಿದರು, ಈಗಲೂ ನೋಡುತ್ತಿದ್ದಾರೆ. ಕೊನೆಯಲ್ಲಿ ಆಗುವುದೇನೆಂಬುದು ಮೊದಲ ಹತ್ತು ನಿಮಿಷದಲ್ಲಿಯೇ ಗೊತ್ತಿರುತ್ತದೆ. ಮನೆಯಲ್ಲಿ ಜಿರಲೆಯನ್ನು ಹೊಡೆಯಲೂ ಹಿಂಜರಿಯುವ ಸಾಧುಗಳು ಕೂಡ ಆ ಕೊನೆಯ ಏಟು ಬೀಳುವಾಗ ಉಸಿರು ಬಿಗಿಹಿಡಿದು ಕುಳಿತಿರುತ್ತಾರೆ. ಈ ಸಂತೋಷವು ಯಾವ ಬಗೆಯದು? ಅದರಲ್ಲಿ ದೋಷವುಂಟೆ? ಪ್ರಶ್ನೆ ಹಗುರವೆಂದು ವಾಚಕರು ತಳ್ಳಿಹಾಕಬಾರದು. ಜನರು ಯಾವುದಕ್ಕೆ ನಾಚದೆ ಸಂತೋಷಪಡುತ್ತಾರೆಂಬುದನ್ನು ನೋಡಿದರೆ ಅವರ ನೀತಿ ಯಾವುದೆಂಬುದು ತಿಳಿಯುತ್ತದೆ.

ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರವೊಂದುಂಟು. ಮನುಷ್ಯನಲ್ಲಿ ಮೃಗವೊಂದು ಮಲಗಿದೆ. ಅದಕ್ಕೆ ರಕ್ತ ಬೇಕು. ಪರದೆಯ ಮೇಲೆ ಅದನ್ನು ಕುಡಿಸಿದರೆ ಅದು ಬೀದಿಗೆ ಬರುವುದಿಲ್ಲ ಎಂಬುದೇ ಆ ಉತ್ತರ. ನನಗೆ ಇದು ಒಪ್ಪಿಗೆಯಾಗದು. ರಕ್ತವೇ ಬೇಕಾದವನಿಗೆ ಯುದ್ಧದ ಚಿತ್ರಗಳುಂಟು, ಗುಂಡಿನ ಸುರಿಮಳೆಯ ಚಿತ್ರಗಳುಂಟು. ಅವನು ಬಡ ವೇಷದ, ಹಳೆಯ ಅಂಗಳದಲ್ಲಿ ನಡೆಯುವ ಈ ಕಾಳಗವನ್ನು ಏಕೆ ಅರಸಬೇಕು? ಅದೂ ಅಲ್ಲದೆ, ಈ ಚಿತ್ರಗಳಲ್ಲಿ ಯಾವುದಕ್ಕೆ ಎಷ್ಟು ಹೊತ್ತು ಸಲ್ಲುತ್ತದೆಂದು ಲೆಕ್ಕ ಹಾಕಿ ನೋಡಬೇಕು. ಅನ್ಯಾಯಕ್ಕೆ ಸ್ವಲ್ಪ, ಕೊನೆಯ ಹೋರಾಟಕ್ಕೆ ಸ್ವಲ್ಪ. ಇವುಗಳಲ್ಲಿ ಉತ್ತಮವಾದವುಗಳಲ್ಲಿ ನಡುವಣ ದೀರ್ಘಕಾಲವೆಲ್ಲ ಕಲಿಕೆಗೆ ಹೋಗುತ್ತದೆ.

ಲಾವ್ ಕಾರ್-ಲ್ಯುಂಗ್ ಎಂಬ ನಿರ್ದೇಶಕನು 1978ರಲ್ಲಿ ಷಾ ಸಹೋದರರ ಸಂಸ್ಥೆಗಾಗಿ ತೆಗೆದ ‘ಷಾವೋಲಿನ್ನಿನ ಮೂವತ್ತಾರನೆಯ ಕೋಣೆ’ ಇದಕ್ಕೆ ಒಳ್ಳೆಯ ನಿದರ್ಶನ. ಮಂಚೂ ಅಧಿಕಾರಿಗಳ ದಬ್ಬಾಳಿಕೆಯಲ್ಲಿ ತನ್ನವರನ್ನು ಕಳೆದುಕೊಂಡ ವಿದ್ಯಾರ್ಥಿಯೊಬ್ಬನು ಗಾಯಗೊಂಡು ಷಾವೋಲಿನ್ ವಿಹಾರವನ್ನು ಸೇರುತ್ತಾನೆ. ಅವನಿಗೆ ಬೇಕಾದದ್ದು ಹಗೆ ತೀರಿಸುವ ವಿದ್ಯೆ. ವಿಹಾರದವರು ಅವನಿಗೆ ಕೊಟ್ಟದ್ದು ಕಸಪೊರಕೆ. ಬಹುಕಾಲದ ಮೇಲೆ ಅಭ್ಯಾಸದ ಕೋಣೆಗಳಿಗೆ ಪ್ರವೇಶ ದೊರೆಯುತ್ತದೆ. ಎಲ್ಲಕ್ಕೂ ಮೇಲಿನ ಕೋಣೆಗೇ ಹೋಗುತ್ತೇನೆಂದು ಅವನು ಹಟ ಹಿಡಿಯುತ್ತಾನೆ. ಅಲ್ಲಿ ವೃದ್ಧ ಭಿಕ್ಷುಗಳು ಸೂತ್ರಪಠನ ಮಾಡುತ್ತ ಕುಳಿತಿದ್ದಾರೆ, ಇವನಿಗೆ ಅದರ ಒಂದಕ್ಷರವೂ ಹತ್ತುವುದಿಲ್ಲ. ತೆಪ್ಪಗೆ ಇಳಿದು ಬಂದು ಎಲ್ಲಕ್ಕೂ ಕೆಳಗಿನ ಕೋಣೆಯಿಂದ ಆರಂಭಿಸಬೇಕಾಗುತ್ತದೆ. ಅಲ್ಲಿ ಊಟದ ಮನೆಗೆ ಹೋಗುವ ದಾರಿಯಲ್ಲಿ ನೀರು; ನೀರಿನ ಮೇಲೆ ತೇಲುವ ಮರದ ದಿಮ್ಮಿಗಳು. ಅವುಗಳನ್ನು ಮೆಟ್ಟಿ ದಾಟಲಾರದವನು ನೀರಿಗೆ ಬೀಳುತ್ತಾನೆ. ಒದ್ದೆ ಬಟ್ಟೆಯವನಿಗೆ ಊಟವಿಲ್ಲ. ಮುಂದಿನ ಕೋಣೆಯೊಂದರಲ್ಲಿ ಎರಡು ತೋಳುಗಳನ್ನೂ ಚಾಚಿ ನೀರಿನ ಕೊಡಗಳನ್ನು ಹೊರಬೇಕು; ತೋಳಿಗೆ ಕಟ್ಟಿದ ಅಲಗುಗಳು ಕೈ ಇಳಿದರೆ ಪಕ್ಕೆಗೆ ಚುಚ್ಚುತ್ತವೆ. ಇನ್ನೊಂದು ಕಡೆ ಉದ್ದನೆಯ ಗಳುವಿನ ತುದಿಯಲ್ಲಿರುವ ಭಾರವಾದ ಸುತ್ತಿಗೆಯನ್ನು ಮಣಿಕಟ್ಟಿನ ಬಲದಿಂದಲೇ ಎತ್ತಿ ಗಂಟೆಯನ್ನು ಬಾರಿಸಬೇಕು. ಚಿತ್ರದ ಸುಮಾರು ಅರ್ಧಭಾಗ ಹೀಗೆಯೇ ನಡೆಯುತ್ತದೆ. ಒಬ್ಬ ಹಗೆಯೂ ಪರದೆಯ ಮೇಲೆ ಬರುವುದಿಲ್ಲ. ನೋಡುವವನಿಗೆ ಬೇಸರವೂ ಬರುವುದಿಲ್ಲ.

ನಮ್ಮ ಆಲಂಕಾರಿಕರು ರೌದ್ರಕ್ಕೆ ಕ್ರೋಧವನ್ನೂ ವೀರಕ್ಕೆ ಉತ್ಸಾಹವನ್ನೂ ಸ್ಥಾಯಿಭಾವವಾಗಿ ಹೇಳಿದ್ದಾರೆ. ಹೊರಗಿನಿಂದ ನೋಡಿದರೆ ಎರಡೂ ಕೈಯೆತ್ತಿ ಹೊಡೆಯುವುದೇ. ಆದರೆ ಕ್ರೋಧವು ತಕ್ಷಣವೇ ಫಲವನ್ನು ಬೇಡುತ್ತದೆ, ಉತ್ಸಾಹವು ಕೆಲಸವನ್ನು ಬೇಡುತ್ತದೆ. ಹಗೆಯ ಕಥೆಯು ಕ್ರೋಧದಲ್ಲಿ ಹುಟ್ಟಿ, ಕಲಿಕೆಯ ಕಾಲದಲ್ಲಿ ಮೆಲ್ಲಮೆಲ್ಲನೆ ಉತ್ಸಾಹವಾಗಿ ಮಾರ್ಪಡುತ್ತದೆ. ದಿಮ್ಮಿಯ ಮೇಲೆ ಕಾಲು ಹೇಗಿಡಬೇಕೆಂದು ಯೋಚಿಸುವವನು ಆ ಗಳಿಗೆಯಲ್ಲಿ ಕೊಲೆಗಾರನನ್ನು ನೆನೆಯಲಾರ. ನೆನೆದರೆ ನೀರಿಗೆ ಬೀಳುತ್ತಾನೆ. ಈ ಚಿತ್ರಗಳ ಆಕರ್ಷಣೆಯೆಂಬುದು ಸೇಡಿನಲ್ಲಿಲ್ಲ, ಸೇಡನ್ನು ಕಾಯಿಸುವುದರಲ್ಲಿದೆಯೆಂದು ನಾನು ಬಗೆಯುತ್ತೇನೆ. ನಮಗೆಲ್ಲ ಅನ್ಯಾಯವಾಗಿದೆ; ನಮ್ಮ ಸಿಟ್ಟು ಒಳಗೇ ಹೊಗೆಯಾಡಿ ಆರಿಹೋಗಿದೆ, ಇಲ್ಲವೆ ತಪ್ಪು ಜಾಗದಲ್ಲಿ, ಹೆಂಡತಿ ಮಕ್ಕಳ ಮೇಲೆ, ಕೈಕೆಳಗಿನವರ ಮೇಲೆ ಸಿಡಿದು ವ್ಯರ್ಥವಾಗಿದೆ. ಆ ಸಿಟ್ಟನ್ನು ಇಂಧನವಾಗಿ ಬಳಸಿ ಒಂದು ವಿದ್ಯೆಯನ್ನು ಬೇಯಿಸಿಕೊಳ್ಳಬಹುದಾಗಿತ್ತು ಎಂಬ ಆಸೆಯನ್ನು ಈ ಹುಡುಗನು ನಮ್ಮೆದುರಿಗೆ ನಿಜಮಾಡಿ ತೋರಿಸುತ್ತಾನೆ.

ಇಲ್ಲಿ ಚಿತ್ರದ ಬಡತನವು ಸಹಾಯಕ್ಕೆ ಬರುತ್ತದೆಂಬುದು ಸ್ವಾರಸ್ಯವಾದ ಸಂಗತಿ. ಷಾ ಸಹೋದರರು 1961ರಲ್ಲಿ ಹಾಂಗ್‌ಕಾಂಗಿನ ಕ್ಲಿಯರ್‌ವಾಟರ್ ಕೊಲ್ಲಿಯ ಬಳಿ ತೆರೆದ ಸ್ಟುಡಿಯೋವು ಕಾರ್ಖಾನೆಯಂತೆ ನಡೆಯುತ್ತಿತ್ತು. ಅದೇ ಅರಮನೆ, ಅದೇ ಸೇತುವೆ, ಅದೇ ಹೆಂಡದಂಗಡಿ ಚಿತ್ರದಿಂದ ಚಿತ್ರಕ್ಕೆ ಬರುತ್ತಿದ್ದುವು. ಮಾತನ್ನೂ ಸದ್ದನ್ನೂ ಚಿತ್ರೀಕರಣವಾದ ಮೇಲೆ ಕೂಡಿಸುತ್ತಿದ್ದರು. ಬಟ್ಟೆ ಬೀಸಿದರೂ ಬಿರುಗಾಳಿಯ ಸದ್ದು, ಗುದ್ದು ಬಿದ್ದರೆ ಮರ ಸೀಳಿದ ಸದ್ದು. ಹೊರಗಿನ ಸಣ್ಣ ನಿರ್ಮಾಪಕರ ಬಳಿ ಇಷ್ಟು ಸೌಕರ್ಯವೂ ಇರಲಿಲ್ಲ. ಅವರಿಗೆ ಬಯಲೇ ರಂಗಸ್ಥಳ. ಗಡ್ಡ ಅಂಟಿಸಿದ್ದೆಂಬುದು ಮೂರನೆಯ ಸಾಲಿನವನಿಗೂ ಕಾಣುತ್ತದೆ. ಎಲ್ಲವೂ ಹುಸಿ, ಒಂದು ಮಾತ್ರ ಹುಸಿಯಲ್ಲ, ನಟನ ಶರೀರ. ಆ ನಟರಲ್ಲಿ ಹಲವರು ಬಾಲ್ಯದಿಂದ ಪೀಕಿಂಗ್ ನಾಟಕಶಾಲೆಗಳಲ್ಲಿಯೋ ಗರಡಿಗಳಲ್ಲಿಯೋ ಪಳಗಿದವರು. ಲಾವ್ ಕಾರ್-ಲ್ಯುಂಗನಿಗೆ ಆ ವಿದ್ಯೆ ತಂದೆಯಿಂದಲೇ ಬಂದದ್ದು. ಗುರುಪರಂಪರೆಯನ್ನು ಹಿಡಿದು ಹೋದರೆ ಅದು ಕ್ಯಾಂಟನಿನ ಪ್ರಸಿದ್ಧ ವೈದ್ಯನೂ ಮಲ್ಲನೂ ಆಗಿದ್ದ ವಾಂಗ್ ಫೇ-ಹುಂಗನವರೆಗೆ ಮುಟ್ಟುತ್ತದೆ. ಹಣವಿದ್ದಿದ್ದರೆ ಕಣ್ಣನ್ನು ಬೇರೆಡೆಗೆ ಸೆಳೆಯಬಹುದಾಗಿತ್ತು. ಹಣವಿಲ್ಲದ್ದರಿಂದ ಅಭ್ಯಾಸವನ್ನೇ ತೋರಿಸಬೇಕಾಯಿತು.

ನಾಯಕನ ಸ್ಥಿತಿಯೂ ಇದಕ್ಕೆ ತಕ್ಕಂತೆಯೇ ಇದೆ. ಚಾಂಗ್ ಚೆ ನಿರ್ದೇಶಿಸಿದ ‘ಒಂಟಿಗೈಯ ಖಡ್ಗಧಾರಿ’ 1967ರಲ್ಲಿ ಬಂದಿತು. ಅದರ ನಾಯಕನು ಗುರುವಿಗಾಗಿ ಪ್ರಾಣ ಕೊಟ್ಟ ಆಳಿನ ಮಗ. ಗುರುವಿನ ಮಗಳು ಗರ್ವದಿಂದ ಅವನ ಬಲಗೈಯನ್ನೇ ಕಡಿದುಹಾಕುತ್ತಾಳೆ. ಅವನನ್ನು ಬದುಕಿಸಿದ ಹಳ್ಳಿಯ ಹೆಣ್ಣಿನ ಮನೆಯಲ್ಲಿ ಒಂದು ಖಡ್ಗವಿದ್ಯೆಯ ಪುಸ್ತಕವಿದೆ. ಅದೂ ಅರ್ಧ ಸುಟ್ಟದ್ದು, ಉಳಿದಿರುವುದು ಎಡಗೈಯ ಪಾಠ ಮಾತ್ರ. ಅವನ ಆಯುಧವೋ ತಂದೆಯ ಮುರಿದ ಕತ್ತಿ. ಒಂದು ಕೈ, ಅರ್ಧ ಪುಸ್ತಕ, ತುಂಡು ಕತ್ತಿ: ದರಿದ್ರನ ಸಂಪತ್ತನ್ನು ಇದಕ್ಕಿಂತ ಚೆನ್ನಾಗಿ ಎಣಿಸಿದ ಕವಿಯನ್ನು ನಾನು ಬೇಗ ಹುಡುಕಲಾರೆ. 1973ರಲ್ಲಿ ಇಂಥ ಚಿತ್ರಗಳು ಅಮೆರಿಕವನ್ನು ಮುಟ್ಟಿದಾಗ ಅಲ್ಲಿಯ ನಗರಗಳ ಹಳೆಯ ಚಿತ್ರಮಂದಿರಗಳಲ್ಲಿ ಅವನ್ನು ಅಪ್ಪಿಕೊಂಡವರಲ್ಲಿ ಕರಿಯರೂ ಇತರ ಬಡವರೂ ಮುಂದಾಗಿದ್ದರೆಂಬುದು ಆಶ್ಚರ್ಯವಲ್ಲ. ಚೀನಾದ ಚರಿತ್ರೆ ಅವರಿಗೆ ತಿಳಿಯದು. ಮೈಯೊಂದನ್ನುಳಿದು ಬೇರೆ ಆಸ್ತಿಯಿಲ್ಲದವನ ಅವಸ್ಥೆ ತಿಳಿದಿತ್ತು.

ಇಷ್ಟು ಹೊಗಳಿದ ಮೇಲೆ ಆಕ್ಷೇಪವನ್ನೂ ಎತ್ತಬೇಕು. ಅದು ಸಣ್ಣದಲ್ಲ. ಈ ಸುಖವು ನಮಗೆ ದಕ್ಕಬೇಕಾದರೆ ಎದುರಾಳಿಗೆ ಮುಖವಿರಕೂಡದು. ಅವನು ಬಿಳಿಯ ಹುಬ್ಬಿನ ಮುದುಕನಾಗಿರಲಿ, ಮಂಚೂ ಸೇನಾಪತಿಯಾಗಿರಲಿ, ಅವನಿಗೆ ಮಗಳಿಲ್ಲ, ಹಸಿವಿಲ್ಲ, ನಿದ್ರೆಯಲ್ಲಿ ಬೆಚ್ಚಿಬೀಳುವ ರಾತ್ರಿಯಿಲ್ಲ. ಬ್ರೂಸ್ ಲೀ ನಟಿಸಿದ, 1972ರ ‘ಫಿಸ್ಟ್ ಆಫ್ ಫ್ಯೂರಿ’ಯಲ್ಲಿ ಈ ದೋಷವು ಒಂದು ಜನಾಂಗದಷ್ಟು ಬೆಳೆದಿದೆ. ಹುವೊ ಯುವಾನ್‌ಜಿಯಾ ಎಂಬ ಮಲ್ಲಾಚಾರ್ಯನು 1910ರಲ್ಲಿ ಷಾಂಘೈಯಲ್ಲಿ ತೀರಿಕೊಂಡದ್ದು ಚರಿತ್ರೆ. ಅವನಿಗೆ ಜಪಾನೀಯರು ವಿಷವಿಟ್ಟರೆಂಬುದು ಜನರ ನಂಬಿಕೆ. ಸೇಡು ತೀರಿಸುವ ಶಿಷ್ಯ ಚೆನ್ ಜೆನ್ ಎಂಬವನು ಚಿತ್ರದವರ ಕಲ್ಪನೆ. ಆ ನಂಬಿಕೆಯ ಮೇಲೆ ಆ ಕಲ್ಪನೆಯನ್ನಿಟ್ಟು, ಕಂಡ ಕಂಡ ಜಪಾನೀಯನನ್ನೆಲ್ಲ ಹೊಡೆಯುವುದಕ್ಕೆ ಅರ್ಹನನ್ನಾಗಿ ಮಾಡಿದ್ದಾರೆ. ಪರರಾಷ್ಟ್ರದ ಕಾಲ್ತುಳಿತವನ್ನು ಅನುಭವಿಸಿದ ಜನಕ್ಕೆ ಆ ಸಿಟ್ಟು ಬಂದದ್ದು ಅನ್ಯಾಯವೆಂದು ನಾನು ಹೇಳಲಾರೆ. ಆದರೆ ಆ ಚಿತ್ರದಲ್ಲಿ ಕಲಿಕೆಯ ಕಾಲವಿಲ್ಲವೆಂಬುದನ್ನು ಗಮನಿಸಬೇಕು. ನಾಯಕನು ಬರುವಾಗಲೇ ಪರಿಣತ, ಬರುವಾಗಲೇ ಕುಪಿತ. ರೌದ್ರವು ವೀರವಾಗಿ ಮಾಗುವುದಕ್ಕೆ ಸಮಯವೇ ಸಿಗುವುದಿಲ್ಲ.

ರನ್ನನ ಗದಾಯುದ್ಧವನ್ನು ಬಲ್ಲವರಿಗೆ ಇಲ್ಲಿ ಒಂದು ಹೋಲಿಕೆ ತಾನಾಗಿ ತೋರುತ್ತದೆ. ಅದೂ ಹಗೆಯ ಕಾವ್ಯವೇ. ದ್ರೌಪದಿಯ ಮುಡಿಯೂ ಭೀಮನ ಪ್ರತಿಜ್ಞೆಯೂ ಅದರ ಬೀಜ. ಕವಿಯು ತನ್ನ ಪ್ರಭು ಸತ್ಯಾಶ್ರಯನನ್ನು ಭೀಮನೊಡನೆ ಒಂದುಗೂಡಿಸಿ ಹೇಳಿರುವುದರಿಂದ ಗೆಲ್ಲಬೇಕಾದವನು ಯಾರೆಂಬುದರಲ್ಲಿ ಸಂದೇಹವಿಲ್ಲ. ಆದರೂ ರಣರಂಗದಲ್ಲಿ ಹೆಣಗಳ ನಡುವೆ ನಡೆದುಬರುವ ದುರ್ಯೋಧನನಿಗೆ ಅವನು ಎಂಥ ಮುಖವನ್ನು ಕೊಟ್ಟಿದ್ದಾನೆ! ಕರ್ಣನಿಗಾಗಿ ಅಳುತ್ತಾನೆ, ವೈರಿಯ ಮಗನಾದ ಅಭಿಮನ್ಯುವಿನ ಶೌರ್ಯವನ್ನು ಮೆಚ್ಚುತ್ತಾನೆ. ಇಷ್ಟಾದ ಮೇಲೆ ಗದೆ ಬಿದ್ದಾಗ ನಮಗೆ ಚಪ್ಪಾಳೆ ತಟ್ಟಲು ಕೈ ಬರುವುದಿಲ್ಲ. ಮಹಾಕಾವ್ಯವು ನಮ್ಮ ಸುಖವನ್ನು ಹೀಗೆ ಕೆಡಿಸುತ್ತದೆ. ಅಗ್ಗದ ಚಿತ್ರವು ಅದನ್ನು ಕೆಡಿಸದೆ ಬಿಡುತ್ತದೆ. ಅದರ ಮಿತಿಯೂ ಅದೇ, ಅದರ ಗಿರಾಕಿ ಬರುವುದೂ ಅದಕ್ಕೇ.

ಆದರೆ ಒಳ್ಳೆಯ ನಿರ್ದೇಶಕರು ಈ ಕೊರತೆಯನ್ನು ಅರಿಯದವರಲ್ಲ. ವೈರಿಗೆ ಮುಖ ಕೊಡಲಾರದೆ ಅವರು ಗೆದ್ದವನ ಮುಂದಿನ ಬಾಳನ್ನು ಪ್ರಶ್ನೆಯಾಗಿ ಮಾಡಿದರು. ಒಂಟಿಗೈಯವನು ಗುರುವನ್ನು ಉಳಿಸಿದ ಮೇಲೆ ಖಡ್ಗದ ಲೋಕವನ್ನೇ ಬಿಟ್ಟು ಬೇಸಾಯಕ್ಕೆ ಹೋಗುತ್ತಾನೆ. ಷಾವೋಲಿನ್ನಿನ ಭಿಕ್ಷುವಿಗೆ ಕೋಣೆಗಳೆಲ್ಲ ಮುಗಿದಾಗ ಉಳಿಯುವ ಆಸೆ ಕೊಲ್ಲುವುದಲ್ಲ, ಹೊರಗಿನ ಸಾಮಾನ್ಯರಿಗೂ ಕಲಿಸುವ ಮೂವತ್ತಾರನೆಯ ಕೋಣೆಯನ್ನು ತೆರೆಯುವುದು. ಸೇನಾಪತಿಯನ್ನು ಅವನು ಕೊಲ್ಲುತ್ತಾನೆ, ನಿಜ. ಆದರೆ ಆ ಭಾಗವು ಪ್ರೇಕ್ಷಕನಿಗೆ ಸಲ್ಲಿಸಿದ ಬಾಕಿಯಂತೆ ಬೇಗನೆ ಕಳೆದುಹೋಗುತ್ತದೆ. ಚೆನ್ ಜೆನ್ನನಿಗೆ ಮಾತ್ರ ಮುಂದಿನ ಬಾಳಿಲ್ಲ. ತನ್ನ ಶಾಲೆಯನ್ನು ಉಳಿಸಲು ಶರಣಾಗಿ, ಬಾಗಿಲಲ್ಲಿ ಸಾಲಾಗಿ ನಿಂತ ಬಂದೂಕುಗಳ ಮೇಲೆ ಅವನು ಹಾರುತ್ತಾನೆ. ಚಿತ್ರವು ಅವನನ್ನು ಗಾಳಿಯಲ್ಲಿಯೇ ನಿಲ್ಲಿಸಿಬಿಡುತ್ತದೆ, ಗುಂಡಿನ ಸದ್ದು ಮಾತ್ರ ಕೇಳುತ್ತದೆ. ಬಂದೂಕಿನ ಮುಂದೆ ಅಂಗಸಾಧನೆಗೆ ಬೆಲೆಯಿಲ್ಲ. ಈ ಚಿತ್ರಗಳಲ್ಲಿ ಬಹುಪಾಲು ಕಥೆಯನ್ನು ಬಂದೂಕಿನ ಮಾತೇ ಬಾರದ ಹಿಂದಿನ ಕಾಲಕ್ಕೆ ಒಯ್ದು ಇಡುವುದಕ್ಕೆ ಇದೂ ಒಂದು ಕಾರಣವಾಗಿರಬೇಕು.

ಲಾವ್ ಕಾರ್-ಲ್ಯುಂಗನೇ 1977ರಲ್ಲಿ ತೆಗೆದ ‘ಎಕ್ಸಿಕ್ಯೂಷನರ್ಸ್ ಫ್ರಮ್ ಷಾವೋಲಿನ್’ ಈ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ತಂದೆ ಹುಲಿಯ ವರಸೆಯನ್ನು ವರ್ಷಗಟ್ಟಲೆ ಸಾಧಿಸಿ ಬಾಯ್ ಮೇ ಎಂಬ ವೈರಿಯ ಮೇಲೆ ಹೋಗಿ ಸೋಲುತ್ತಾನೆ. ಹಿಂದಿರುಗಿ ಮತ್ತೆ ಸಾಧಿಸುತ್ತಾನೆ, ಮತ್ತೆ ಹೋಗಿ ಸಾಯುತ್ತಾನೆ. ಮನೆಯಲ್ಲಿ ಹೆಂಡತಿಯಿದ್ದಾಳೆ, ಮಗನಿದ್ದಾನೆ; ಅವರ ನಗು, ಮುನಿಸು, ಊಟ ಇವೆಲ್ಲ ಇವನ ಅಭ್ಯಾಸದ ಸುತ್ತಲೂ ನಡೆಯುತ್ತಲೇ ಇವೆ. ಹುಲಿಯ ವರಸೆಯ ಜೀರ್ಣವಾದ ಪುಸ್ತಕವೊಂದು ಮಗನಿಗೆ ಪಿತ್ರಾರ್ಜಿತವಾಗಿ ಬರುತ್ತದೆ. ಅವನು ಅದರಿಂದಷ್ಟೇ ಗೆಲ್ಲುವುದಿಲ್ಲ. ತಾಯಿ ಅವನಿಗೆ ಕೊಕ್ಕರೆಯ ವರಸೆಯನ್ನು ಚಿಕ್ಕಂದಿನಿಂದ ಕಲಿಸಿದ್ದಳು. ಅದಕ್ಕೆ ಯಾವ ಹಗೆಯೂ ಕಾರಣವಾಗಿರಲಿಲ್ಲ. ತಾಯಿ ಮಗನಿಗೆ ತನಗೆ ಬರುವುದನ್ನು ಕಲಿಸುವಂತೆ ಕಲಿಸಿದ್ದಳು. ತಂದೆಯಿಂದ ಆಗದ ಕೆಲಸವು ಎರಡು ವರಸೆಗಳೂ ಕೂಡಿದ ಮೇಲೆ ಆಯಿತು. ಬಾಯ್ ಮೇ ಸೋಲುತ್ತಲೇ ಚಿತ್ರವು ನಿಂತುಹೋಗುತ್ತದೆ. ಹುಡುಗನು ಮನೆಗೆ ಹಿಂದಿರುಗಿ ತಾಯಿಗೆ ಏನು ಹೇಳಿದನೆಂಬುದನ್ನು ನಮಗೆ ತೋರಿಸುವುದಿಲ್ಲ.