ಬೇಲಿ ದಾಟಿ ಬಂದವನು

‘ಟ್ರೆಸ್‌ಪಾಸರ್ಸ್ ವಿಲ್ ಬಿ ಪ್ರಾಸಿಕ್ಯೂಟೆಡ್’ ಎಂಬ ಫಲಕವನ್ನು ತೋಟಗಳ ಗೇಟಿನ ಮೇಲೆ, ರೈಲು ಹಳಿಗಳ ಬದಿಯಲ್ಲಿ ನೀವು ಕಂಡಿರುತ್ತೀರಿ. ಅಪ್ಪಣೆಯಿಲ್ಲದೆ ಒಳಬಂದವರ ಮೇಲೆ ಮೊಕದ್ದಮೆ ಹೂಡಲಾಗುವುದು ಎಂದು ಅದರ ಅರ್ಥ. ಹಲವು ವರ್ಷಗಳ ಹಿಂದೆ ನಾನೂ ಒಂದು ದೇವಾಲಯದ ಆವರಣದಲ್ಲಿ ಅಂಥ ಫಲಕವನ್ನು ಹಾಕಿಸಿದ್ದೆ. ಕುಸಿದ ಗೋಡೆಯನ್ನು ದಾಟಿ ಮಕ್ಕಳು ಮಾವಿನಕಾಯಿಗಾಗಿ ಬರುತ್ತಿದ್ದರು. ಮರದ ಮಗ್ಗುಲಲ್ಲೇ ಕಟ್ಟೆಯಿಲ್ಲದ ಹಳೆಯ ಬಾವಿಯಿತ್ತು. ಫಲಕ ಹಾಕಿಸಿದೆ, ಬಾವಿಗೆ ಕಟ್ಟೆ ಕಟ್ಟಿಸಲಿಲ್ಲ.

ಮುಂದಿನ ಭಾನುವಾರ ಇಂಗ್ಲಿಷ್ ಪೂಜೆಯಲ್ಲಿ ಸ್ವಾಮಿ ಕಲಿಸಿದ ಪ್ರಾರ್ಥನೆಯನ್ನು ಹೇಳುವಾಗ ಅದೇ ಪದ ನನ್ನ ನಾಲಿಗೆಗೆ ಬಂದಿತು. ಕನ್ನಡದಲ್ಲಿ ನಾವು ‘ತಪ್ಪು’ ಎನ್ನುವೆಡೆ ಇಂಗ್ಲಿಷರು ‘ಟ್ರೆಸ್‌ಪಾಸ್’ ಎನ್ನುತ್ತಾರೆ. ಮತ್ತಾಯನ ಶುಭಸಂದೇಶದ ಗ್ರೀಕ್ ಮೂಲದಲ್ಲಿ ಅಲ್ಲಿರುವುದು ‘ಸಾಲ’ ಎಂಬರ್ಥದ ಪದ, ಲೂಕನಲ್ಲಿ ‘ಪಾಪ’. 1526ರ ತಮ್ಮ ಅನುವಾದದಲ್ಲಿ ವಿಲಿಯಂ ಟಿಂಡೇಲ್ ‘ಟ್ರೆಸ್‌ಪಾಸ್’ ಎಂದು ಬರೆದರು. 1611ರ ಕಿಂಗ್ ಜೇಮ್ಸ್ ಬೈಬಲ್ ಮತ್ತಾಯನಲ್ಲಿ ‘ಸಾಲ’ಕ್ಕೇ ಮರಳಿದರೂ ಜನರ ಪ್ರಾರ್ಥನೆಯಲ್ಲಿ ಹಳೆಯ ಪದವೇ ಉಳಿಯಿತು. ಹಳೆಯ ಫ್ರೆಂಚಿನಲ್ಲಿ ಅದರ ಅರ್ಥ ‘ದಾಟಿ ಹೋಗು’. ನಮ್ಮ ‘ಅತಿಕ್ರಮ’ವೂ ಅದೇ: ಎಲ್ಲೆ ಮೀರಿ ಇಟ್ಟ ಹೆಜ್ಜೆ.

ಹಾಗಾದರೆ ಎಲ್ಲೆ ಮೀರಿದವನಿಗೆ ನಾವು ಏನಾದರೂ ಸಲ್ಲಿಸಬೇಕೇ? ಬ್ರಿಟನ್ನಿನ ನ್ಯಾಯಾಲಯಗಳು ಈ ಪ್ರಶ್ನೆಯನ್ನು ಎದುರಿಸಿವೆ. ಸ್ಕಾಟ್ಲೆಂಡಿನ ಕಲ್ಲಿದ್ದಲು ಗಣಿಯೊಂದರ ಹೊಲಕ್ಕೆ ನುಗ್ಗಿದ ನಾಲ್ಕು ವರ್ಷದ ಬಾಲಕ ಯಂತ್ರದ ಚಕ್ರಕ್ಕೆ ಸಿಕ್ಕಿ ಸತ್ತನು. ಬಾಲಕನು ಅಪ್ಪಣೆಯಿಲ್ಲದೆ ಬಂದವನು, ಬೇಕೆಂದೇ ಹಾನಿ ಮಾಡದಿದ್ದರೆ ಸಾಕು, ಬೇರೆ ಹೊಣೆ ಮಾಲೀಕನಿಗಿಲ್ಲ ಎಂದು 1929ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. 1965ರಲ್ಲಿ ಆರು ವರ್ಷದ ಇನ್ನೊಬ್ಬ ಬಾಲಕ, ಮುರಿದ ಬೇಲಿಯನ್ನು ದಾಟಿ ವಿದ್ಯುತ್ ಹರಿಯುವ ರೈಲು ಹಳಿಯ ಮೇಲೆ ಬಿದ್ದು ತೀವ್ರವಾಗಿ ಸುಟ್ಟುಹೋದನು. ಮಕ್ಕಳು ಹಳಿಯ ಮೇಲೆ ಬರುತ್ತಿರುವ ವಿಷಯ ನಿಲ್ದಾಣದವರಿಗೆ ತಿಳಿದಿತ್ತು. ಬೇಲಿ ಮಾತ್ರ ಮುರಿದೇ ಇತ್ತು. 1972ರಲ್ಲಿ ಅದೇ ಪೀಠ ತನ್ನ ಹಳೆಯ ನಿಯಮವನ್ನು ಕೈಬಿಟ್ಟು, ಅಪ್ಪಣೆಯಿಲ್ಲದೆ ಬಂದವನಿಗೂ ‘ಸಾಮಾನ್ಯ ಮಾನವೀಯತೆ’ ಸಲ್ಲಬೇಕೆಂದಿತು.

ಧರ್ಮೋಪದೇಶಕಾಂಡ ಇದನ್ನು ಬಹು ಹಿಂದೆಯೇ ಅರಿತಿತ್ತು. ನೆರೆಯವನ ದ್ರಾಕ್ಷಿತೋಟಕ್ಕೆ ಹೋದವನು ಹೊಟ್ಟೆ ತುಂಬ ತಿನ್ನಬಹುದು, ಬುಟ್ಟಿಯಲ್ಲಿ ತುಂಬಿಕೊಳ್ಳಬಾರದು. ಪೈರಿನ ತೆನೆಯನ್ನು ಕೈಯಿಂದ ಕೀಳಬಹುದು, ಕುಡುಗೋಲು ಹಾಕಬಾರದು ಎನ್ನುತ್ತದೆ ಅದರ 23ನೆಯ ಅಧ್ಯಾಯ. ಶಿಷ್ಯರು ಸಬ್ಬತ್ ದಿನ ತೆನೆ ಕಿತ್ತಾಗ ಫರಿಸಾಯರು ದಿನವನ್ನು ಆಕ್ಷೇಪಿಸಿದರೇ ಹೊರತು ಹೊಲಕ್ಕೆ ಕಾಲಿಟ್ಟದ್ದನ್ನಲ್ಲ.

ಬೇಲಿ ಬೇಡವೆಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ನೆಮ್ಮದಿಯಿಂದ ಮಲಗುವ ಹಕ್ಕು ಎಲ್ಲರಿಗೂ ಉಂಟು. ಕೇಡು ಬಗೆದು ನುಗ್ಗುವವನನ್ನು ತಡೆಯಲೇಬೇಕು. ನಮ್ಮ ದೇಶದ ದಂಡಸಂಹಿತೆಯೂ, 2024ರ ಜುಲೈ 1ರಂದು ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಕ್ರಿಮಿನಲ್ ಅತಿಕ್ರಮಕ್ಕೆ ದುರುದ್ದೇಶ ಇರಬೇಕೆನ್ನುತ್ತವೆ. ಆದರೆ ಚೆಂಡಿಗಾಗಿ ಹಾರಿದ ಮಗುವನ್ನೂ, ದಾರಿ ತಪ್ಪಿದ ಮುದುಕನನ್ನೂ, ಕಳ್ಳನನ್ನೂ ನಮ್ಮ ಫಲಕ ಒಂದೇ ಪದದಿಂದ ಕರೆಯುತ್ತದೆ. ಬೆಳೆ ಕಾಯಲು ಕಳ್ಳತನದಿಂದ ವಿದ್ಯುತ್ ಹರಿಸಿದ ತಂತಿಗೂ ಕಾಲಿಟ್ಟವರು ಯಾರೆಂದು ತಿಳಿಯದು.

ನನ್ನ ಬಾವಿಗೆ ಯಾವ ಮಗುವೂ ಬೀಳಲಿಲ್ಲ. ಅದು ದೇವರ ಕೃಪೆ, ನನ್ನ ಎಚ್ಚರವಲ್ಲ. ಅಂದು ಮಕ್ಕಳನ್ನು ಅತಿಕ್ರಮಿಗಳೆಂದು ಫಲಕದಲ್ಲಿ ಬರೆಸಿದವನು, ಪೀಠದ ಮುಂದೆ ನಿಂತು ತನ್ನ ಅತಿಕ್ರಮಗಳಿಗೆ ಕ್ಷಮೆ ಬೇಡುತ್ತಿದ್ದನು. ಆ ಪ್ರಾರ್ಥನೆ ನಮ್ಮನ್ನು ಬೇಲಿಯ ಒಡೆಯರ ಸಾಲಿನಲ್ಲಿ ಮಾತ್ರವಲ್ಲ, ದಾಟಿ ಬಂದವರ ಸಾಲಿನಲ್ಲೂ ನಿಲ್ಲಿಸುತ್ತದೆ.

ಈ ವಾರ ನಿಮ್ಮ ಅಂಗಳವನ್ನು ಒಮ್ಮೆ ಸುತ್ತಿ ಬನ್ನಿ. ಮುರಿದ ಬೇಲಿ, ತೆರೆದ ಗುಂಡಿ, ಜೋತುಬಿದ್ದ ತಂತಿ ಇದ್ದರೆ ಮೊದಲು ಅದನ್ನು ಸರಿಪಡಿಸಿರಿ. ಫಲಕ ಆಮೇಲೆ ಹಾಕಿದರಾಯಿತು.