ಅಗ್ಘವಣಿಯ ಶುದ್ಧಿ



ಲಿಂಗಮಜ್ಜನಕ್ಕೆ ತರುವ ನೀರನ್ನು ನಮ್ಮ ಹಿರಿಯರು ಅಗ್ಘವಣಿಯೆಂದು ಕರೆದರು. ಅದನ್ನು ಹೊತ್ತು ತರುವುದನ್ನೇ ಕಾಯಕವಾಗಿಸಿಕೊಂಡ ಹೊನ್ನಯ್ಯನ ಹೆಸರಿಗೆ ಆ ಪದವೇ ಅಂಟಿಕೊಂಡಿತು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದರು. ನೀರನ್ನು ಬಟ್ಟೆಯಲ್ಲಿ ಶೋಧಿಸಿಯೇ ಬಳಸಬೇಕೆಂಬ ಆಚಾರವು ನಮ್ಮಲ್ಲಿ ಹಳೆಯದು. ಆ ಆಚಾರವು ಎಲ್ಲಿಯವರೆಗೆ ನಮ್ಮನ್ನು ಕಾಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಇಂದು ವಿಚಾರಿಸೋಣ.

ಸಹ್ಯಾದ್ರಿಯ ತಪ್ಪಲಿನಲ್ಲಿರುವ ಕುಂದಾಪುರ ಸೀಮೆಯ ಅಮಾಸೆಬೈಲನ್ನು ನೆನೆಯಿರಿ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಇಷ್ಟು ಮಳೆಯಿರುವಲ್ಲಿ ನೀರಿನ ಚಿಂತೆಯೇಕೆಂದು ಬಯಲುಸೀಮೆಯವರು ಕೇಳಿಯಾರು. ಆದರೆ ಆ ನಾಡಿನ ಮುರಕಲ್ಲು ರಂಧ್ರಮಯವಾದುದು. ನೀರನ್ನು ಬೇಗನೆ ಹೀರುತ್ತದೆ, ಬೇಗನೆ ಬಿಟ್ಟುಕೊಡುತ್ತದೆ. ಬೇಸಗೆಯ ಕೊನೆಗೆ ಬಾವಿಯ ತಳ ಕಾಣಿಸುತ್ತದೆ. ಮೊದಲ ಮಳೆ ಬಿದ್ದೊಡನೆ ಹಟ್ಟಿಯ ಗಂಜಳವೂ ಶೌಚಗುಂಡಿಯ ಹೊಲಸೂ ಅದೇ ರಂಧ್ರಗಳ ದಾರಿ ಹಿಡಿದು ಬಾವಿಗೆ ಇಳಿಯಬಲ್ಲವು. ಗುಂಡಿಗೂ ಬಾವಿಗೂ ಕನಿಷ್ಠ 15 ಮೀಟರ್ ಅಂತರವಿರಲೆಂದು ಹೇಳುತ್ತಾರೆ. ಮುರಕಲ್ಲಿನ ನೆಲದಲ್ಲಿ ಅಷ್ಟೂ ಸಾಲದೆ ಹೋಗಬಹುದು.

ಈಗ ಬಟ್ಟೆಯ ಮಾತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕು ಪದರವಾಗಿ ಮಡಚಿ ನೀರು ಸೋಸಿದಾಗ ಕಾಲರಾ ಸುಮಾರು ಅರ್ಧದಷ್ಟು ಇಳಿಯಿತೆಂದು 2003ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ನಮ್ಮ ಅಜ್ಜಿಯಂದಿರ ಜಾಣ್ಮೆಗೆ ಇದಕ್ಕಿಂತ ಸಾಕ್ಷಿ ಬೇಕೆ! ಆದರೆ ಉಳಿದ ಅರ್ಧವನ್ನು ಮರೆಯಲಾಗದು. ಕಾಲರಾದ ರೋಗಾಣು ನೀರಿನ ಸಣ್ಣ ಜೀವಿಗಳಿಗೆ ಅಂಟಿಕೊಂಡಿರುವುದರಿಂದ ಬಟ್ಟೆಗೆ ಸಿಕ್ಕೀತು. ವಿಷಮಶೀತಜ್ವರ, ಕಾಮಾಲೆಗಳ ಬೀಜವು ಅದರ ಎಳೆಗಳ ನಡುವೆ ನುಸುಳಿಹೋಗುತ್ತದೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು, ಪ್ರಾಣಹಾನಿಯೂ ಆಯಿತು. 100 ಮಿಲಿಲೀಟರ್ ನೀರಿನಲ್ಲಿ ಮಲಮೂಲದ ಒಂದು ಅಣುಜೀವಿಯೂ ಕಾಣಬಾರದೆಂಬುದು ನಮ್ಮ ದೇಶದ ಮಾನಕ. ತಿಳಿಯಾದ ನೀರೆಲ್ಲ ಶುದ್ಧವಲ್ಲ.

ಭಕ್ತರಲ್ಲಿ ಸಂಕೋಚದಿಂದ ಹೇಳಬೇಕಾದ ಮಾತೊಂದುಂಟು. ಪಾದೋದಕವನ್ನು ನಾವು ಬರಿಗೈಯಲ್ಲಿ ಸ್ವೀಕರಿಸಿ ಬಾಯಿಗಿಡುತ್ತೇವೆ. ಎಳೆಯ ಕೂಸಿಗೂ ಹಾಸಿಗೆ ಹಿಡಿದ ಹಿರಿಯರಿಗೂ ಕೊಡುತ್ತೇವೆ. ಅದು ಕರುಣೋದಕವಾಗಿ ಕೆಲವರನ್ನು ಕಾಯುವುದೆಂಬ ನಂಬಿಕೆಯು, ಕೊಡುವವನ ಅಜಾಗ್ರತೆಗೆ ಹೊದಿಕೆಯಾಗಬಾರದು. ಕುದಿಸಿದ ನೀರಿನಲ್ಲಿ ಮಜ್ಜನ ಮಾಡಬಹುದೇ ಎಂದು ಕೆಲವರು ಕೇಳುತ್ತಾರೆ. ಅಗತ್ಯವಾಗಿ ಮಾಡಬಹುದು. ಒಂದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿ, ತೊಳೆದ ಕೈಯಿಂದ ಎತ್ತಿಕೊಂಡರೆ ಸಾಕು.

ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ವಾಸನೆಯೆಂದು ಮೂಗು ಮುರಿಯುವವರಿದ್ದಾರೆ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂನಂತೆ ಅದಕ್ಕೆ ಬೇಕಾದುದು 24 ಗ್ರಾಂ ಒಳ್ಳೆಯ ಪುಡಿ ಮಾತ್ರ. ಕೆಂಪಡರಿದ ನೀರಾದರೆ ಇನ್ನಷ್ಟು. ಅದನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗಿಳಿಸಿ, ಕೊಡದಿಂದ ನಾಲ್ಕಾರು ಬಾರಿ ಕದಡಿ, ಒಂದು ಗಂಟೆ ಕಳೆದ ಬಳಿಕವೇ ನೀರು ಸೇದಿರಿ.