ಗಂಗೆಯನ್ನು ಹಿಂದಕ್ಕೆ ಹರಿಸಿದ ಗಣಿಕೆ

ಪಾಟಲಿಪುತ್ರದಲ್ಲಿ ಗಂಗೆ ದಡ ತುಂಬಿ ಹರಿಯುತ್ತಿದ್ದಾಳೆ. ಇವಳನ್ನು ಹಿಂದಕ್ಕೆ ಹರಿಸಬಲ್ಲವರು ಯಾರಾದರೂ ಇದ್ದೀರಾ ಎಂದು ಅಶೋಕ ಕೇಳುತ್ತಾನೆ. ಆಗದ ಮಾತು ಅನ್ನುತ್ತಾರೆ ಮಂತ್ರಿಗಳು. ದಡದಲ್ಲಿದ್ದ ಬಿಂದುಮತಿಯೆಂಬ ಗಣಿಕೆ ತನ್ನ ಬದುಕಿನ ಸತ್ಯವೊಂದರ ಮೇಲೆ ಆಣೆಯಿಡುತ್ತಾಳೆ. ನದಿ ಭೋರ್ಗರೆಯುತ್ತ ಹಿಮ್ಮುಖವಾಗುತ್ತದೆ. ಪಾಲಿಯ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನ ಯವನ ದೊರೆ ಮಿಲಿಂದನಿಗೆ ಹೇಳುವ ಕಥೆಯಿದು.

ಜನರನ್ನು ಮರುಳು ಮಾಡಿ ಕಾಸು ಕೀಳುವವಳಲ್ಲಿ ಎಲ್ಲಿಯ ಸತ್ಯ ಎಂದು ಅಶೋಕ ಜರೆಯುತ್ತಾನೆ. ಹಣ ಕೊಟ್ಟವನು ಕ್ಷತ್ರಿಯನಿರಲಿ, ಬ್ರಾಹ್ಮಣನಿರಲಿ, ವೈಶ್ಯನಿರಲಿ, ಶೂದ್ರನಿರಲಿ, ತನಗೆ ಎಲ್ಲರೂ ಒಂದೇ. ಮೇಲಿನವನೆಂದು ಓಲೈಸುವುದಿಲ್ಲ, ಕೆಳಗಿನವನೆಂದು ಹೇಸುವುದಿಲ್ಲ ಎನ್ನುತ್ತಾಳೆ ಅವಳು.

ಪ್ರೀತಿಸುತ್ತೇನೆಂದು ಆಕೆ ಹೇಳಲೇ ಇಲ್ಲ!

ಕಾಸು ಕೊಟ್ಟು ಪಡೆದ ಅಕ್ಕರೆ ಅಸಲಿಯೋ ನಕಲಿಯೋ ಎಂಬ ಹಳೆಯ ತಕರಾರು ಇಲ್ಲಿಗೇ ಬಿದ್ದುಹೋಗಬೇಕಿತ್ತು. ಮಾರಾಟಕ್ಕಿರುವುದು ಪ್ರೀತಿಯಲ್ಲ, ಸಮಚಿತ್ತದ ಗಮನ. ಅದು ಸುಮ್ಮನೆ ಬರುವುದಿಲ್ಲ. ಜಪಾನಿನ ಶೋಜಿ ಮೊರಿಮೊಟೊ 2018ರಿಂದ ‘ಏನೂ ಮಾಡದ’ ಬಾಡಿಗೆ ಸಂಗಾತಿ. ವಿಚ್ಛೇದನದ ಕಾಗದ ಸಲ್ಲಿಸುವವರ ಜೊತೆಗೂ ಹೋಗಿಬಂದವರು. ಅಂಥ ಗಳಿಗೆಯಲ್ಲಿ ಬುದ್ಧಿ ಹೇಳದೆ, ಮರುಕ ತೋರದೆ ಪಕ್ಕದಲ್ಲಿ ನಿಲ್ಲುವುದು ಎಷ್ಟು ಕಷ್ಟವೆಂದು ನಮ್ಮ ನೆಂಟರಿಷ್ಟರನ್ನು ನೋಡಿದವರಿಗೆ ಗೊತ್ತು.

ಬೆಂಗಳೂರಿನಲ್ಲಿ ಮಕ್ಕಳು ಅಮೆರಿಕದಲ್ಲಿರುವ ಮನೆಗಳಿಗೆ ಬರುವ ಹೋಮ್‌ನರ್ಸ್‌ಗಳದ್ದೂ ಇದೇ ವಿದ್ಯೆ. ಬೆಳಗ್ಗೆ ಹೇಳಿದ ವರ್ಗಾವಣೆಯ ಕಥೆಯನ್ನೇ ಅಜ್ಜ ಸಂಜೆ ಮತ್ತೆ ತೆಗೆಯುತ್ತಾರೆ. ‘ಆಮೇಲೆ ಏನಾಯ್ತು ತಾತ?’ ಎಂದು ಆಕೆ ಸರಿಯಾದ ಜಾಗದಲ್ಲೇ ಕೇಳುತ್ತಾಳೆ. ಫೋನಿನಲ್ಲಿ ಸೊಸೆ ರೇಗಿದ ಕಡೆ ಆಕೆ ರೇಗುವುದಿಲ್ಲ. ಸಂಬಳ ಮಾತಾಡುವಾಗ ಮಾತ್ರೆ, ಸ್ನಾನ, ಡೈಪರ್ ಎಲ್ಲ ಲೆಕ್ಕಕ್ಕೆ ಬರುತ್ತವೆ. ‘ಆಮೇಲೆ ಏನಾಯ್ತು’ ಎಂಬ ಪ್ರಶ್ನೆ ಬರುವುದಿಲ್ಲ. ‘ಸ್ವಭಾವ ಒಳ್ಳೇದು’ ಎಂದು ಹೊಗಳಿ ಮುಗಿಸುತ್ತಾರೆ. ಕಸುಬನ್ನು ಸ್ವಭಾವವೆಂದು ಕರೆದರೆ ಕೂಲಿ ಕೊಡಬೇಕಿಲ್ಲವಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಇದಕ್ಕೆ ‘ಭಾವನಾತ್ಮಕ ಶ್ರಮ’ ಎಂದು ಹೆಸರಿಟ್ಟು 1983ರಲ್ಲಿ ಪುಸ್ತಕ ಬರೆದರು. ಡೆಲ್ಟಾ ವಿಮಾನ ಕಂಪನಿಯಲ್ಲಿ ಅವರು ಗಗನಸಖಿಯರನ್ನಷ್ಟೇ ಅಲ್ಲ, ಬಾಕಿ ವಸೂಲಿಯವರನ್ನೂ ಗಮನಿಸಿದರು. ಒಬ್ಬರಿಗೆ ನಗು ಕೆಲಸ, ಇನ್ನೊಬ್ಬರಿಗೆ ಗದರಿಕೆ. ತುಟಿಯ ನಗು ಸಾಲದೆ ಒಳಗಿನಿಂದಲೇ ಹಾಗೆ ಅನ್ನಿಸುವಂತೆ ಮನಸ್ಸನ್ನು ಪಳಗಿಸಿಕೊಂಡವರಿಗೆ, ತಮ್ಮದು ಯಾವುದು, ಕಂಪನಿಯದು ಯಾವುದು ಎಂಬ ಗೊಂದಲ ಹತ್ತುತ್ತದೆ ಎಂಬುದು ಅವರ ಎಚ್ಚರಿಕೆ.

ಬಿಂದುಮತಿಗೆ ಈ ಕಾಟವಿರಲಿಲ್ಲ. ಓಲೈಕೆಯನ್ನೂ ಹೇಸಿಗೆಯನ್ನೂ ಬಿಡಲು ಅವಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಗಗನಸಖಿಗೆ ಓಲೈಕೆ ಬಿಡುವ ಸ್ವಾತಂತ್ರ್ಯವಿಲ್ಲ. ಹೋಮ್‌ನರ್ಸ್‌ಗೆ ಇದೆಯೇ ಎಂಬುದು ಮನೆಯ ಯಜಮಾನಿಯನ್ನು ಅವಲಂಬಿಸಿದೆ.